ಎರಡೇ ಆ್ಯಂಟಿಬಾಡಿಯಲ್ಲಿ ಹೊಟ್ಟೆ ಕ್ಯಾನ್ಸರ್‌ನ ಎಂಎಂಆರ್: ನನ್ನ ಅನುಭವ

ಎಂಎಂಆರ್ ಅಂದರೆ ಡಿಎನ್‌ಎ ನಕಲಿನ ತಪ್ಪು ತಿದ್ದುವ ರಿಪೇರಿ ವ್ಯವಸ್ಥೆ. ಅದರ ನಾಲ್ಕು ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯೇ ಎಂದು, ಒಂದೊಂದಕ್ಕೂ ಅಂಟಿ ಬಣ್ಣ ತೋರಿಸುವ ಆ್ಯಂಟಿಬಾಡಿ ಹಾಕಿ ನೋಡುತ್ತಾರೆ. ನಾಲ್ಕೂ ಆ್ಯಂಟಿಬಾಡಿ ಇಲ್ಲದೆ ಎಂಎಂಆರ್ ರಿಪೋರ್ಟ್‌ಗೆ ಕೈ ಹಾಕಬೇಡಿ ಅಂದವರೇ ಎಲ್ಲರೂ. "ಸುಮ್ನೆ ಬೆಂಗಳೂರಿಗೆ ಕಳಿಸಿಬಿಡಿ ಡಾಕ್ಟ್ರೇ" ಅಂತ ನಮ್ಮ ಸರ್ಜನ್ನರೂ ಅಂದಿದ್ದರು. ಈಗ ದಾವಣಗೆರೆಯ ನಮ್ಮ ಸಣ್ಣ ಲ್ಯಾಬಿನಲ್ಲಿ ಪಿಎಂಎಸ್2, ಎಂಎಸ್‌ಎಚ್6 ಎರಡರಲ್ಲೇ ಶುರು ಮಾಡುತ್ತೇನೆ. ನಾಲ್ಕೂ ಇರುವುದು ಜೋಡಿ ಜೋಡಿಯಾಗಿ: ಎಂಎಲ್‌ಎಚ್1 ಹೋದರೆ ಪಿಎಂಎಸ್2 ನಿಲ್ಲುವುದಿಲ್ಲ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ನಿಲ್ಲುವುದಿಲ್ಲ. ಎರಡೂ ಇದ್ದರೆ ಅಲ್ಲಿಗೆ ಮುಗಿಯಿತು, ಒಂದು ಹೋಗಿದ್ದರಷ್ಟೇ ಅದರ ಜೋಡಿಯನ್ನೂ ಹಾಕಿ ನೋಡುತ್ತೇನೆ. ಖರ್ಚು ಹೆಚ್ಚುಕಮ್ಮಿ ಅರ್ಧ.

ಈ ಹುಚ್ಚು ಹತ್ತಿದ್ದು 2017ರಲ್ಲಿ, ಮ್ಯಾಜಿಕ್ ಟ್ರಯಲ್‌ನ (ಹೊಟ್ಟೆ ಕ್ಯಾನ್ಸರ್‌ಗೆ ಬರೀ ಆಪರೇಶನ್ನೋ, ಜೊತೆಗೆ ಕೀಮೋನೂ ಬೇಕೋ ಎಂದು ನೋಡಿದ ಅಧ್ಯಯನ) ಬ್ಲಾಕ್‌ಗಳ, ಅಂದರೆ ಮೇಣದಲ್ಲಿಟ್ಟ ಗಡ್ಡೆಯ ತುಂಡುಗಳ, ಮರುವಿಶ್ಲೇಷಣೆ ಓದಿದಾಗ. ರಿಪೇರಿ ಕೆಟ್ಟ ಗಡ್ಡೆಯವರಲ್ಲಿ ಬರೀ ಆಪರೇಶನ್ ಆದವರೇ ಕೀಮೋ ಪಡೆದವರಿಗಿಂತ ಚೆನ್ನಾಗಿದ್ದರು. ಸಂಖ್ಯೆ ಚಿಕ್ಕದು, ಆದರೂ ನಿದ್ದೆ ಬರಲಿಲ್ಲ.

ಮೊದಲ ಎಂಟು ತಿಂಗಳು ಬರೀ ನಷ್ಟ. ಆ್ಯಂಟಿಬಾಡಿ ಹಾಕುವ ಮೊದಲು ಸ್ಲೈಡನ್ನು ಕುಕ್ಕರ್‌ನಲ್ಲಿ ಒಂದು ದ್ರಾವಣದಲ್ಲಿ ಕುದಿಸಬೇಕು. ಸಿಟ್ರೇಟ್ ದ್ರಾವಣದಲ್ಲಿ ಪಿಎಂಎಸ್2 ಬರಲೇ ಇಲ್ಲ. ಪಿಎಚ್ 9ರ ಟ್ರಿಸ್-ಇಡಿಟಿಎಗೆ ಬಂದ ಮೇಲೆ ಬಣ್ಣ ಕಂಡಿತು. ಅಗ್ಗದ ಸ್ಲೈಡ್ ತಂದೆ, ಕುಕ್ಕರ್ ಮುಚ್ಚಳ ತೆಗೆದಾಗ ಬಯಾಪ್ಸಿ ಚೂರುಗಳು ನೀರಿನಲ್ಲಿ ತೇಲುತ್ತಿದ್ದವು. ಆ ರೋಗಿಯ ಬ್ಲಾಕಿನಲ್ಲಿ ಇನ್ನು ಕತ್ತರಿಸಲು ಏನೂ ಉಳಿದಿರಲಿಲ್ಲ. ಅವತ್ತಿನಿಂದ ಚೂರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಚಾರ್ಜ್ಡ್ ಸ್ಲೈಡ್ ಬಿಟ್ಟು ಬೇರೆ ಮುಟ್ಟಿಲ್ಲ. ಶನಿವಾರ ತೆಗೆದ ಚೂರು ಸೋಮವಾರದವರೆಗೆ ಫಾರ್ಮಲಿನ್‌ನಲ್ಲೇ ಕೂತರೆ ಯಾವಾಗಲೂ ಬಣ್ಣ ಹಿಡಿಯಬೇಕಾದ ಲಿಂಫೋಸೈಟ್ (ಬಿಳಿ ರಕ್ತಕಣ) ಕೂಡ ಬಣ್ಣ ಹಿಡಿಯುತ್ತಿರಲಿಲ್ಲ, ಅಂಥದ್ದಕ್ಕೆ ರಿಪೋರ್ಟ್ ಕೊಡುವುದೇ ಇಲ್ಲ. ಹೀಗೆ ಕೈಯಿಂದ ಹೋದದ್ದು ಲಕ್ಷದ ಹತ್ತಿರ. ಬಣ್ಣ ಸರಿ ಬಂತೇ ಎಂದು ಹೋಲಿಸುವ ಕಂಟ್ರೋಲ್‌ಗೆ ಮಾತ್ರ ದುಡ್ಡು ಬೇಕಿಲ್ಲ, ನಮ್ಮಲ್ಲೇ ಬರುವ ಅಪೆಂಡಿಕ್ಸ್ ಸಾಕು. ಆ್ಯಂಟಿಬಾಡಿ ಎಷ್ಟು ತೆಳು ಮಾಡಬೇಕು, ಕುಕ್ಕರ್ ಎಷ್ಟು ಹೊತ್ತು ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಇಆರ್‌ಸಿಸಿ1 (ಇನ್ನೊಂದು ಡಿಎನ್‌ಎ ರಿಪೇರಿ ಪ್ರೋಟೀನ್) ಕೂಡ ಹಾಕಿ ನೋಡಿದೆ, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಯಾರಿಗೆ ಹಿಡಿಯುತ್ತೆ ಅಂತ ಗೊತ್ತಾಗಲಿ ಎಂದು. ಅದರ 8ಎಫ್1 ಅನ್ನುವ ಆ್ಯಂಟಿಬಾಡಿ ನಂಬಿಕೆಗೆ ಬಾರದು. ಒಂದೇ ಬ್ಲಾಕು ಎರಡು ವಾರದಲ್ಲಿ ಎರಡು ಥರ ಬಂತು, ಕೈಬಿಟ್ಟೆ.

ಆಮೇಲೆ ಹರಿಹರದ ಕಡೆಯ ಎಪ್ಪತ್ತು ದಾಟಿದ ಅಜ್ಜಿ, ಜಠರದ ಕೆಳಭಾಗದ ಗಡ್ಡೆ. ಪಿಎಂಎಸ್2 ಸ್ಲೈಡ್‌ನಲ್ಲಿ ಸುತ್ತಲಿನ ಲಿಂಫೋಸೈಟ್‌ಗಳೆಲ್ಲ ಕಂದು, ಗಡ್ಡೆಯ ನ್ಯೂಕ್ಲಿಯಸ್‌ಗಳು ಮಾತ್ರ ಅಪ್ಪಟ ನೀಲಿ, ಅಂದರೆ ಅಲ್ಲಿ ಪಿಎಂಎಸ್2 ಇಲ್ಲ. ಎಂಎಲ್‌ಎಚ್1 ಕೂಡ ಹೋಗಿತ್ತು. ಗಡ್ಡೆ ತೆಗೆಯಬಹುದಾದ ಹಂತದಲ್ಲೇ ಇತ್ತು. ಸ್ಲೈಡ್ ಹಿಡಿದುಕೊಂಡು ಟ್ಯೂಮರ್ ಬೋರ್ಡ್‌ಗೆ (ಚಿಕಿತ್ಸೆ ನಿರ್ಧರಿಸುವ ಡಾಕ್ಟರುಗಳ ಸಭೆ) ನಾನೇ ಹೋದೆ. ಅರ್ಧ ಗಂಟೆ ವಾದ ನಡೆದು, ಕೀಮೋ ಬದಿಗಿಟ್ಟು ನೇರ ಆಪರೇಶನ್ ಅಂತಾಯಿತು. ಎರಡು ವರ್ಷದ ಮೇಲಾಯಿತು, ಫಾಲೋಅಪ್‌ಗೆ ಮಗನ ಜೊತೆ ಬಂದು ಹೋಗುತ್ತಾರೆ. ಅದೇ ಸರ್ಜನ್ ಈಗ ಹೊಟ್ಟೆಯ ಬಯಾಪ್ಸಿ ಫಾರ್ಮಿನ ಮೇಲೆ ತಾವೇ ಕೆಂಪು ಪೆನ್ನಿನಲ್ಲಿ 'ಎಂಎಂಆರ್' ಅಂತ ಬರೆದು ಕಳಿಸುತ್ತಾರೆ.