ನಾಲ್ಕೂ ಚಕ್ರ ಎಳೆಯುವ ಪೆಟ್ರೋಲ್ ಗಾಡಿ: ನಾನು ಅಳೆದ ಮೈಲೇಜು

"ಎಷ್ಟು ಮೈಲೇಜು ಕೊಡುತ್ತೆ?" ಎಂದು ಕೇಳಿದವರಿಗೆಲ್ಲ ನಾನು ಮೂರು ಅಂಕಿ ಹೇಳುತ್ತೇನೆ. ಹೆದ್ದಾರಿಯಲ್ಲಿ 90ರ ವೇಗ ಹಿಡಿದು ಹೋದರೆ ಲೀಟರಿಗೆ 14ರ ಆಸುಪಾಸು. ಎಂಜಿನ್ ಬಿಸಿಯಾದ ಮೇಲೆ ಊರೊಳಗೆ ಸುತ್ತಿದರೆ 10. ಬೆಳಿಗ್ಗೆ ತಣ್ಣಗಿರುವ ಗಾಡಿ ತೆಗೆದು, ಮಕ್ಕಳನ್ನು ಶಾಲೆಗೆ ಬಿಟ್ಟು, ಬಂದು ನಿಲ್ಲಿಸುವಂಥ ಓಡಾಟವೇ ಆದರೆ 7. ಗಾಡಿ ಅದೇ, ಓಡಿಸುವವನೂ ನಾನೇ. ಇಷ್ಟು ಅಂತರ ಇರುವಾಗ ಒಂದೇ ಅಂಕಿ ಹೇಳಿದರೆ ಕೇಳಿದವರಿಗೆ ಏನೂ ಉಪಯೋಗವಿಲ್ಲ.

ನನ್ನದು ಐದು ಜನ ಕೂರುವ, 2.5 ಲೀಟರ್ ಪೆಟ್ರೋಲ್ ಎಂಜಿನ್‌ನ ಆಟೊಮ್ಯಾಟಿಕ್ ಗಾಡಿ. ಟರ್ಬೊ ಇಲ್ಲ. ಮಾಮೂಲಿ ರಸ್ತೆಯಲ್ಲಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಜಾರಿದಾಗ ಹಿಂದಿನವೂ ಸೇರಿಕೊಳ್ಳುತ್ತವೆ. ಕೊಳ್ಳುವ ಮುಂಚೆ ಎಲ್ಲರೂ ಹೇಳಿದ್ದು ಒಂದೇ ಮಾತು: ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ, ಪೆಟ್ರೋಲ್ ಕುಡಿಯುತ್ತೆ. ನಿಜವಾಗಿ ಎಷ್ಟು ಕುಡಿಯುತ್ತೆ ಎಂದು ಅಳೆದು ನೋಡುವ ಹಟ ನನ್ನಲ್ಲಿ ಹುಟ್ಟಿದ್ದು ಆ ಮಾತಿನಿಂದಲೇ.

ಮೊದಲು ಅಳತೆಯ ವಿಷಯ. ಡ್ಯಾಶ್‌ಬೋರ್ಡ್ ಪರದೆ ತೋರಿಸುವ ಸರಾಸರಿಯನ್ನು ನಾನು ನಂಬುವುದಿಲ್ಲ. ನನ್ನ ಗಾಡಿಯಲ್ಲಿ ಅದು ಬಂಕಿನ ಲೆಕ್ಕಕ್ಕಿಂತ ಸುಮಾರು ನೂರಕ್ಕೆ ಆರರಷ್ಟು ಜಾಸ್ತಿ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸುವ ಹಳೆಯ ಕ್ರಮವೇ ಸರಿ. ಆದರೆ ಅದನ್ನು ಅಚ್ಚುಕಟ್ಟಾಗಿ ಮಾಡಬೇಕು. ಅದೇ ಬಂಕ್, ಸಾಧ್ಯವಾದರೆ ಅದೇ ಪಂಪು, ನಾಝಲ್ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸುವುದು. "ರೌಂಡ್ ಫಿಗರ್ ಮಾಡ್ತೀನಿ ಸಾರ್" ಎಂದು ಹುಡುಗ ಇನ್ನಷ್ಟು ತುಂಬಿಸಲು ಹೋದರೆ ಬೇಡವೆನ್ನಬೇಕು. 45 ಲೀಟರ್ ಹಿಡಿಯುವಾಗ ಒಂದು ಲೀಟರ್ ಆಚೀಚೆಯಾದರೆ ತಪ್ಪು ನೂರಕ್ಕೆ ಎರಡರಷ್ಟು. ಬರೀ 15 ಲೀಟರ್ ಹಾಕಿಸಿ ಲೆಕ್ಕ ಮಾಡಿದರೆ ಅದೇ ಒಂದು ಲೀಟರ್ ನೂರಕ್ಕೆ ಏಳರಷ್ಟು ದಾರಿ ತಪ್ಪಿಸುತ್ತದೆ. ಆಲ್ ವೀಲ್ ಡ್ರೈವ್‌ನಿಂದ ಆಗುವ ವ್ಯತ್ಯಾಸವೇ ಅದಕ್ಕಿಂತ ಚಿಕ್ಕದು! ಹಾಗಾಗಿ ನಾನು ಒಂದು ಟ್ಯಾಂಕಿನ ಅಂಕಿ ಹಿಡಿದು ಮಾತಾಡುವುದಿಲ್ಲ, ನಾಲ್ಕೈದು ಟ್ಯಾಂಕ್ ಕೂಡಿಸಿ ನೋಡುತ್ತೇನೆ.

ಕೂಡಿಸುವಾಗಲೂ ಒಂದು ಎಚ್ಚರ ಬೇಕು. 100 ಕಿ.ಮೀ. ಊರೊಳಗೆ ಲೀಟರಿಗೆ 8ರಂತೆ, 100 ಕಿ.ಮೀ. ಹೆದ್ದಾರಿಯಲ್ಲಿ 16ರಂತೆ ಓಡಿದರೆ ಸರಾಸರಿ 12 ಅನ್ನಿಸುತ್ತದೆ. ಅಲ್ಲ. ಊರೊಳಗೆ ಖರ್ಚಾದದ್ದು 12.5 ಲೀಟರ್, ಹೆದ್ದಾರಿಯಲ್ಲಿ 6.25. ಒಟ್ಟು 18.75 ಲೀಟರಿಗೆ 200 ಕಿ.ಮೀ., ಅಂದರೆ 10.7. ಕೆಟ್ಟ ಓಡಾಟದ ಭಾರ ಸರಾಸರಿಯ ಮೇಲೆ ಯಾವಾಗಲೂ ಹೆಚ್ಚು ಬೀಳುತ್ತದೆ. ಅದಕ್ಕೇ ನನ್ನ ಪುಸ್ತಕದಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದೇ ಬರೆದುಕೊಳ್ಳುತ್ತೇನೆ; ಯಾರಾದರೂ ಕೇಳಿದಾಗ ಮಾತ್ರ ಲೀಟರಿಗೆ ಇಷ್ಟು ಎಂದು ತಿರುಗಿಸಿ ಹೇಳುತ್ತೇನೆ.

ಇನ್ನು ಅಸಲು ಪ್ರಶ್ನೆ: ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಏರ್ಪಾಡು ಎಷ್ಟು ಪೆಟ್ರೋಲ್ ತಿನ್ನುತ್ತದೆ? ನನ್ನ ಭಾವಮೈದುನನ ಹತ್ತಿರ ಇದೇ ಎಂಜಿನ್, ಇದೇ ಗೇರ್‌ಬಾಕ್ಸ್‌ನ, ಮುಂದಿನ ಚಕ್ರ ಮಾತ್ರ ಎಳೆಯುವ ಗಾಡಿ ಇದೆ. ಇಬ್ಬರೂ ಒಂದೇ ದಿನ, ಒಂದೇ ದಾರಿಯಲ್ಲಿ, ಟೈರಿಗೆ ಒಂದೇ ಗಾಳಿ ಹಾಕಿಸಿ, ಹೋಗುವಾಗ ನನ್ನದನ್ನು ನಾನು, ಬರುವಾಗ ಅವನದನ್ನು ನಾನು ಓಡಿಸಿ ನೋಡಿದೆವು. ಒಂದೇ ಸಲಕ್ಕೆ ಬಿಡದೆ ಬೇರೆ ಬೇರೆ ದಿನವೂ ಮಾಡಿದೆವು. ವ್ಯತ್ಯಾಸ ಲೀಟರಿಗೆ ಅರ್ಧ ಕಿಲೋಮೀಟರಿನ ಸುತ್ತಮುತ್ತ. ಅಷ್ಟೇ. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಡುವ ಮೈಲೇಜು ಅಂಕಿಗಳೂ ಇದನ್ನೇ ಹೇಳುತ್ತವೆ: 1.5 ಲೀಟರ್ ಟರ್ಬೊ ಇದ್ದ 2017ರ ಹೋಂಡಾ ಸಿಆರ್-ವಿಗೆ ಮುಂದಿನ ಚಕ್ರದ ಮಾದರಿಯಲ್ಲಿ ಒಟ್ಟಾರೆ 30 ಎಂಪಿಜಿ (ಗ್ಯಾಲನ್ನಿಗೆ ಇಷ್ಟು ಮೈಲಿ), ಆಲ್ ವೀಲ್ ಡ್ರೈವ್‌ನಲ್ಲಿ 29. ನಮ್ಮ ಲೆಕ್ಕದಲ್ಲಿ ಲೀಟರಿಗೆ 12.8 ಮತ್ತು 12.3 ಕಿ.ಮೀ.

ಈ ಅರ್ಧ ಕಿಲೋಮೀಟರ್ ಎಲ್ಲಿ ಹೋಗುತ್ತದೆ ಎಂಬುದು ಕುತೂಹಲದ ವಿಷಯ. ಎಂಜಿನ್ ಅಡ್ಡಡ್ಡಲಾಗಿ ಕೂತಿರುವ ಗಾಡಿಯಲ್ಲಿ ಶಕ್ತಿ ಮುಂದೆ ಒಮ್ಮೆ ಲಂಬಕೋನದಲ್ಲಿ ತಿರುಗಿ, ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ತಿರುಗುವ ದಂಡ ಹಿಡಿದು ಹಿಂದೆ ಹೋಗಿ, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನಲ್ಲಿ ಇನ್ನೊಮ್ಮೆ ತಿರುಗಬೇಕು. ಎರಡೂ ಕಡೆ ಗೇರುಗಳು ದಪ್ಪ ಎಣ್ಣೆಯಲ್ಲಿ ಮುಳುಗಿವೆ. ಹಿಂದಿನ ಚಕ್ರಗಳನ್ನು ಬೇಕಾದಾಗ ಜೋಡಿಸುವ ಮಧ್ಯದ ಕ್ಲಚ್ ಬಿಟ್ಟುಕೊಂಡು ಅವುಗಳಿಗೆ ಏನೂ ಹೋಗದಿದ್ದಾಗಲೂ ಬಹಳಷ್ಟು ಗಾಡಿಗಳಲ್ಲಿ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಗೇರುಗಳು ಎಣ್ಣೆ ಕಡೆಯುತ್ತಲೇ ಇರುತ್ತವೆ. ಇದನ್ನು ತಪ್ಪಿಸಲೆಂದೇ 2014ರ ಜೀಪ್ ಚೆರೋಕಿ, 2019ರ ಟೊಯೋಟಾ ರಾವ್4ರ ಕೆಲವು ಮಾದರಿಗಳಲ್ಲಿ ಶಾಫ್ಟನ್ನು ಎರಡೂ ತುದಿಯಲ್ಲಿ ಕಳಚಿ ನಿಲ್ಲಿಸಿಬಿಡುವ ವ್ಯವಸ್ಥೆ ತಂದರು. ಇದರ ಮೇಲೆ ಈ ಸಾಮಾನಿನ ತೂಕ ಬೇರೆ, ಸಾಮಾನ್ಯವಾಗಿ ಒಬ್ಬ ಪ್ರಯಾಣಿಕನಷ್ಟು.

ಎಣ್ಣೆಯ ಮಾತು ಬಂದದ್ದರಿಂದ ನಾನು ಮಾಡಿದ ಒಂದು ಪರೀಕ್ಷೆ ಹೇಳಬೇಕು. ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು, ಓಡಿಸಿ ಬಂದ ಕೂಡಲೇ ಗಾಡಿಯ ಕೆಳಗೆ ಬಗ್ಗಿ ಹಿಂದಿನ ಡಿಫರೆನ್ಷಿಯಲ್‌ನ ಮೇಲ್ಮೈ ಬಿಸಿ ನೋಡುತ್ತಿದ್ದೆ. ಐದಾರು ಕಿಲೋಮೀಟರ್ ಓಡಿ ಬಂದಾಗ ಎಂಜಿನ್ ನೀರು 90 ಡಿಗ್ರಿ ಮುಟ್ಟಿರುತ್ತಿತ್ತು, ಮುಳ್ಳು ನಟ್ಟನಡುವೆ. ಹಿಂದಿನ ಡಿಫರೆನ್ಷಿಯಲ್ ಮಾತ್ರ ಹೊರಗಿನ ಗಾಳಿಗಿಂತ ನಾಲ್ಕೈದು ಡಿಗ್ರಿಯಷ್ಟೇ ಮೇಲೆ. ಕೈ ಇಟ್ಟರೆ ಬೆಚ್ಚಗೂ ಅನ್ನಿಸದು. ಅದಕ್ಕೆ ಬಿಸಿ ಕೊಡಲು ಎಂಜಿನ್ ಇಲ್ಲ, ಸೈಲೆನ್ಸರ್ ಕೊಳವೆಯೂ ಹತ್ತಿರವಿಲ್ಲ. ತನ್ನದೇ ತಿಕ್ಕಾಟದಿಂದ ಕಾಯಬೇಕು. ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಓಡಿ ಬಂದಾಗ ಅದೇ ಜಾಗ ಮುಟ್ಟಲಾರದಷ್ಟು ಸುಡುತ್ತಿತ್ತು. ಅಂದರೆ ದಿನನಿತ್ಯದ ಚಿಕ್ಕ ಓಡಾಟದಲ್ಲಿ ಆ ಗೇರುಗಳು ಇಡೀ ದಾರಿ ಗಟ್ಟಿ ಎಣ್ಣೆಯಲ್ಲೇ ತಿರುಗುತ್ತಿವೆ. ಆಲ್ ವೀಲ್ ಡ್ರೈವ್‌ನ ದಂಡ ಹೆಚ್ಚು ಬೀಳುವುದು ಇಲ್ಲೇ. ಅಳೆದು ನೋಡಿದ ಮೇಲೆ ಇದು ನನಗೆ ಬಹಳ ಮುಖ್ಯ ಅನ್ನಿಸಿತು.

ತಣ್ಣನೆ ಎಂಜಿನ್ ಕೂಡ ತನ್ನ ಪಾಲು ತಿನ್ನುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಪೆಟ್ರೋಲ್ ಹೆಚ್ಚು ಸಿಂಪಡಿಸುತ್ತದೆ, ಹೊಗೆ ಶುದ್ಧ ಮಾಡುವ ಸೈಲೆನ್ಸರಿನ ಕ್ಯಾಟಲಿಸ್ಟ್ ಬೇಗ ಕಾಯಲೆಂದು ಆರ್‌ಪಿಎಂ ಏರಿಸಿಟ್ಟುಕೊಳ್ಳುತ್ತದೆ. ಮೊದಲ ಕಿಲೋಮೀಟರಿನಲ್ಲಿ ನನ್ನ ಪರದೆ 4, 5 ಎಂದು ತೋರಿಸುವುದು ಮಾಮೂಲು. ಹೊರಗೆ 25 ಡಿಗ್ರಿ ಇರುವಾಗಿನದಕ್ಕಿಂತ ಮೈನಸ್ 7ರಲ್ಲಿ ಊರೊಳಗಿನ ಮೈಲೇಜು ಸುಮಾರು ಶೇ. 15 ಇಳಿಯುತ್ತದೆ, ಐದಾರು ಕಿ.ಮೀ.ಗಳ ಚಿಕ್ಕ ಓಡಾಟದಲ್ಲಿ ಶೇ. 24ರವರೆಗೂ ಇಳಿಯಬಹುದು ಎನ್ನುವುದು ಅಮೆರಿಕ ಸರ್ಕಾರದ ಇಂಧನ ಮಾಹಿತಿ. ನನ್ನ ಮಟ್ಟಿಗೆ ದೊಡ್ಡ ಉಳಿತಾಯ ಕಂಡದ್ದು ಇಲ್ಲಿ: ಶಾಲೆ, ತರಕಾರಿ, ಬ್ಯಾಂಕು ಎಂದು ಮೂರು ಸಲ ಹೊರಡುತ್ತಿದ್ದುದನ್ನು ಒಂದೇ ಸುತ್ತಿಗೆ ಸೇರಿಸಿದೆವು. ದೂರದ ಕೆಲಸ ಮೊದಲು, ಹತ್ತಿರದ್ದು ಬರುವ ದಾರಿಯಲ್ಲಿ. ಊರೊಳಗಿನ ಅಂಕಿ 7, 8ರಿಂದ 9 ದಾಟಿತು. ನಾಲ್ಕೂ ಚಕ್ರ ಎಳೆಸುವುದಕ್ಕೆ ಕೊಡುವ ಬೆಲೆಯ ಎರಡು ಮೂರು ಪಟ್ಟು ಇದರಲ್ಲೇ ವಾಪಸ್ ಬಂತು.

ವೇಗದ ವಿಷಯದಲ್ಲಿ ಎತ್ತರದ ಗಾಡಿಗಳಿಗೆ ಕ್ಷಮೆಯೇ ಇಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 90ರಿಂದ 110ಕ್ಕೆ ಹೋದರೆ ತಡೆ ಸುಮಾರು ಒಂದೂವರೆ ಪಟ್ಟು. ನನ್ನ ಗಾಡಿಯಲ್ಲಿ 14 ಇದ್ದದ್ದು 11.5ಕ್ಕೆ ಬರುತ್ತದೆ. 100 ಕಿ.ಮೀ. ದಾರಿಯಲ್ಲಿ 12 ನಿಮಿಷ ಬೇಗ ತಲುಪಲು ಒಂದೂವರೆ ಲೀಟರ್ ಹೆಚ್ಚು ಸುಡುತ್ತೇನೆ. ತುರ್ತಿದ್ದಾಗ ಸುಡುತ್ತೇನೆ, ಇಲ್ಲದಿದ್ದರೆ ಇಲ್ಲ. ಮೇಲಿನ ಲಗೇಜ್ ಪೆಟ್ಟಿಗೆಯೂ ಹಾಗೆಯೇ: ಹೆದ್ದಾರಿಯಲ್ಲಿ ದೊಡ್ಡ ಪೆಟ್ಟಿಗೆ ಶೇ. 6ರಿಂದ 17ರಷ್ಟು ಮೈಲೇಜು ಕಡಿಮೆ ಮಾಡುತ್ತದೆ, ಇನ್ನೂ ವೇಗವಾಗಿ ಹೋದರೆ ಶೇ. 25ರವರೆಗೂ. ಪ್ರವಾಸದಿಂದ ಬಂದ ಸಂಜೆಯೇ ಅದನ್ನು ಬಿಚ್ಚಿಡುತ್ತೇನೆ. ಖಾಲಿ ಪೆಟ್ಟಿಗೆ ಹೊತ್ತು ತಿಂಗಳುಗಟ್ಟಲೆ ಓಡಾಡುವ ಗಾಡಿಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಇಕೋ ಮೋಡ್ ಮುಂತಾದವು ಸಣ್ಣಪುಟ್ಟವು.

ಕಂಪನಿ ಹೇಳುವ ಮೈಲೇಜು ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಮೇಲಿನದರಲ್ಲೇ ಇದೆ. ಯುರೋಪಿನಲ್ಲಿ ಮೈಲೇಜು ಅಳೆಯಲು 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ರೋಲರ್ ಮೇಲೆ, 23 ಡಿಗ್ರಿಯ ಕೋಣೆಯಲ್ಲಿ, ಅರ್ಧ ಗಂಟೆಯಲ್ಲಿ ಸುಮಾರು 23 ಕಿ.ಮೀ. ಓಡಿಸುವಂಥದ್ದು. ಅದಕ್ಕಿಂತ ಹಿಂದಿನದು 11 ಕಿ.ಮೀ.ಗೇ ಮುಗಿಯುತ್ತಿತ್ತು. ಆದರೂ 2021ರಲ್ಲಿ ನೋಂದಣಿಯಾದ ಪೆಟ್ರೋಲ್ ಕಾರುಗಳು ತಮ್ಮ ಒಳಗಿನ ಮೀಟರಿನಲ್ಲಿ ದಾಖಲಿಸಿಕೊಂಡ ಬಳಕೆ ಅಧಿಕೃತ ಅಂಕಿಗಿಂತ ಸರಾಸರಿ ಶೇ. 24ರಷ್ಟು ಹೆಚ್ಚಿತ್ತೆಂದು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿತು. ನನ್ನ ಓಡಾಟಕ್ಕೆ ಹತ್ತಿರ ಬರುವುದು ಇಪಿಎ ಅಂಕಿ. ಅವರು 2008ರ ಮಾದರಿಗಳಿಂದ ಹೆಚ್ಚಿನ ವೇಗ, ಎಸಿ, ಕೊರೆವ ಚಳಿ ಮೂರನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಯಾವಾಗಲೂ ನಾಲ್ಕೂ ಚಕ್ರ ಎಳೆಯುವ 2020ರ ಸುಬಾರು ಔಟ್‌ಬ್ಯಾಕ್ 2.5ಕ್ಕೆ ಅದು ಕೊಟ್ಟ ಅಂಕಿ ಊರೊಳಗೆ 11, ಹೆದ್ದಾರಿಯಲ್ಲಿ 14 ಕಿ.ಮೀ. ಇಂಥ ಗಾಡಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಬೇಡ ಎಂದು ಕೇಳಿದವರಿಗೆ ಹೇಳುತ್ತೇನೆ.

ನಾಲ್ಕೂ ಚಕ್ರ ಎಳೆಯುವ ಗಾಡಿಯವರು ಹೆಚ್ಚು ಗಮನ ಕೊಡಬೇಕಾದದ್ದು ಟೈರಿಗೆ. ಮುಂದಿನ ಟೈರ್ ಸವೆದು ಹಿಂದಿನದು ಹೊಸದಾಗಿದ್ದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಟೈರಿನ ಬಟನ್ (ರಸ್ತೆ ಮುಟ್ಟುವ ಉಬ್ಬು ರಬ್ಬರು) ಒಂದು ಮಿಲಿಮೀಟರ್ ಸವೆದರೆ ಚಕ್ರದ ಸುತ್ತಳತೆ 6 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಇಳಿಯುತ್ತದೆ, ನಾಲ್ಕು ಟೈರುಗಳ ನಡುವಿನ ವ್ಯತ್ಯಾಸಕ್ಕೆ ಕೆಲವು ತಯಾರಕರು ಕೊಡುವ ಮಿತಿಯೇ ಅಷ್ಟು. ಮಿತಿ ಮೀರಿದರೆ ಮಧ್ಯದ ಕ್ಲಚ್ಚು ದಿನವಿಡೀ ಜಾರುತ್ತಾ ಬಿಸಿಯಾಗುತ್ತದೆ. ಪೆಟ್ರೋಲೂ ಹೋಯಿತು, ಕ್ಲಚ್ಚಿನ ಆಯಸ್ಸೂ ಹೋಯಿತು. ಹಾಗಾಗಿ ಸರಿಯಾದ ಅಂತರಕ್ಕೆ ಹಿಂದು ಮುಂದು ಬದಲಿಸುತ್ತೇನೆ, ಕೊಳ್ಳುವಾಗ ನಾಲ್ಕನ್ನೂ ಒಟ್ಟಿಗೆ ಕೊಳ್ಳುತ್ತೇನೆ. ಕೆಸರು ದಾಟಲು ಒತ್ತಿದ, ಮುಂದಿನ ಹಿಂದಿನ ಚಕ್ರಗಳನ್ನು ಬಿಗಿಯಾಗಿ ಜೋಡಿಸುವ ಲಾಕ್ ಗುಂಡಿಯನ್ನು ಡಾಂಬರು ಬಂದ ಕೂಡಲೇ ತೆಗೆಯುವುದೂ ಇದೇ ಕಾರಣಕ್ಕೆ.

ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜು ಬಿತ್ತು ಎನ್ನುವವರಿಗೆ ಒಂದು ಮಾತು. ಅರ್ಧ ನಿಜ, ಹೊಸ ರಬ್ಬರ್ ಉರುಳುವಾಗ ಹೆಚ್ಚು ತಡೆಯುತ್ತದೆ. ಇನ್ನರ್ಧ ಮೀಟರಿನ ಆಟ. ಸವೆದ ಟೈರು ಚಿಕ್ಕದು, ಕಿಲೋಮೀಟರಿಗೆ ಹೆಚ್ಚು ಸಲ ತಿರುಗುತ್ತದೆ, ಮೀಟರು ಓಡದ ದೂರವನ್ನೂ ಸೇರಿಸಿ ತೋರಿಸುತ್ತದೆ. 8 ಮಿಲಿಮೀಟರ್ ಬಟನ್ 3ಕ್ಕೆ ಇಳಿದರೆ ವ್ಯತ್ಯಾಸ ಸುಮಾರು ನೂರಕ್ಕೆ ಒಂದೂವರೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಮೀಟರನ್ನು ತಾಳೆ ನೋಡಿದರೆ ಗೊತ್ತಾಗುತ್ತದೆ.

ಡಿಫರೆನ್ಷಿಯಲ್ ಎಣ್ಣೆ ಬದಲಿಸಿದರೆ ಮೈಲೇಜು ಏರುತ್ತದೆಯೇ? ನಾನು ಬದಲಿಸಿದಾಗ ಕಪ್ಪಗಾದ ಎಣ್ಣೆ ಬಂತು, ಗೇರುಗಳ ಬಾಳಿಕೆಗೆ ಅದು ಬೇಕೇ ಬೇಕು, ಆದರೆ ನನ್ನ ಪುಸ್ತಕದ ಅಂಕಿ ಅಲ್ಲಾಡಲಿಲ್ಲ.

ಊರೊಳಗಿನ ಓಡಾಟವೇ ಹೆಚ್ಚು, ಆದರೂ ನಾಲ್ಕೂ ಚಕ್ರ ಎಳೆಯಬೇಕು ಎನ್ನುವವರಿಗೆ ನಾನು ಈಗ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಗಾಡಿ ನೋಡಿ ಎನ್ನುತ್ತೇನೆ. ರಾವ್4 ಹೈಬ್ರಿಡ್‌ನಂಥವುಗಳಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮೋಟಾರ್ ಇದೆ, ಉದ್ದನೆಯ ಶಾಫ್ಟೂ ಇಲ್ಲ, ಮುಂದಿನಿಂದ ಹಿಂದಕ್ಕೆ ತಿರುವುವ ಗೇರೂ ಇಲ್ಲ. 2019ರ ಮಾದರಿಗೆ ಇಪಿಎ ಅಂಕಿ ಒಟ್ಟಾರೆ ಲೀಟರಿಗೆ 17, ಅದೂ ಹೆದ್ದಾರಿಗಿಂತ ಊರೊಳಗೇ ಹೆಚ್ಚು. ವರ್ಷದ ಬಹುಪಾಲು ಹೆದ್ದಾರಿಯಲ್ಲೇ ಓಡಿಸುವವರಾದರೆ ಹೈಬ್ರಿಡ್‌ನಿಂದ ಸಿಗುವ ಲಾಭ ಕಡಿಮೆ. ಅವರಿಗೆ ನನ್ನದರಂಥ ಬರೀ ಪೆಟ್ರೋಲ್ ಗಾಡಿಯೂ ಸಾಕು.