1 ಹಾಕಿ ತಾಳೆ ನೋಡಿ ಮೋಸ ಹೋದೆ

ಶಾಲೆ ಬಿಟ್ಟು ಎಷ್ಟೋ ವರ್ಷ ಆದ ಮೇಲೆ ಬೀಜಗಣಿತವನ್ನು ಮತ್ತೆ ಮೊದಲಿಂದ ಕಲಿಯೋಣ ಅಂತ ಕೂತೆ. ಸಜಾತಿ ಪದಗಳನ್ನು (ಅಕ್ಷರದ ಭಾಗ ಒಂದೇ ಆಗಿರುವ ಪದಗಳನ್ನು) ಕೂಡುವುದು ತಾನೆ, ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಒಂದು ವಾರ ಹಿಡಿಯಿತು.

ಎಡವಿದ್ದು ಎಲ್ಲಿ ಅಂದರೆ, 3ಕ + 2ನ ಕಂಡ ಕೂಡಲೇ ಕೈ ತಾನಾಗಿಯೇ 5ಕನ ಅಂತ ಬರೆದುಬಿಡುತ್ತಿತ್ತು. (ಎಕ್ಸ್, ವೈ ಬದಲು ಕ, ನ ಯಾಕೆ ಅಂತ ಆಮೇಲೆ ಹೇಳುತ್ತೇನೆ.) ಅನುಮಾನ ಬಂದು ಎರಡಕ್ಕೂ 1 ಹಾಕಿ ನೋಡಿದೆ. ಈ ಕಡೆ 3 + 2, ಅಂದರೆ 5. ಆ ಕಡೆಯೂ 5. ಸರಿ ಇದೆ ಅಂತ ಮುಂದೆ ಹೋಗಿ ಎರಡು ಪುಟ ಲೆಕ್ಕ ಪೂರ್ತಿ ತಪ್ಪು ಮಾಡಿದೆ!

1ರಿಂದ ಗುಣಿಸಿದರೆ ಏನೂ ಬದಲಾಗುವುದಿಲ್ಲ ಅಲ್ವಾ, ಹಾಗಾಗಿ ಅದು ತಪ್ಪನ್ನು ಮುಚ್ಚಿಹಾಕುತ್ತದೆ. 2 ಕೂಡ ನಂಬುವ ಹಾಗಿಲ್ಲ. ಕ + ಕ = ಕ² ಅಂತ ತಪ್ಪು ಬರೆದು 2 ಹಾಕಿ ನೋಡಿ, ಎರಡೂ ಕಡೆ 4 ಬರುತ್ತದೆ. ಈಗ ನಾನು ಕ = 3, ನ = 5 ಇಟ್ಟುಕೊಳ್ಳುತ್ತೇನೆ. 3ಕ + 2ನ ಅಂದರೆ 19, 5ಕನ ಅಂದರೆ 75. ಕಳ್ಳ ಸಿಕ್ಕಿಬಿದ್ದ.

ಕ ಅಂದರೆ ಪೆನ್ನು, ನ ಅಂದರೆ ಪುಸ್ತಕ ಅಂತ ಹೇಳಿಕೊಡುವವರು ಜಾಸ್ತಿ. ನನಗೆ ಅದು ಹಿಡಿಸಲಿಲ್ಲ. ಹಾಗಾದರೆ ಕ² ಅಂದರೆ ಏನು, ಪೆನ್ನು ಗುಣಿಸು ಪೆನ್ನಾ? ಅಕ್ಷರ ನಿಂತಿರುವುದು ವಸ್ತುವಿಗಲ್ಲ, ಸಂಖ್ಯೆಗೆ. ಒಂದೇ ಸಂಖ್ಯೆಯನ್ನು 7 ಸಲ ಕೂಡಿ, ಅದನ್ನೇ 2 ಸಲ ಕಳೆದರೆ 5 ಸಲ ಉಳಿಯುತ್ತದೆ, ಅಷ್ಟೇ. ಹೀಗೆ ಸೇರಿಸಬೇಕಾದರೆ ಅಕ್ಷರ ಒಂದೇ ಇರಬೇಕು, ಅದರ ಘಾತವೂ (ತಲೆ ಮೇಲೆ ಬರೆಯುವ ಪುಟ್ಟ ಸಂಖ್ಯೆ) ಒಂದೇ ಇರಬೇಕು. ಕನ ಮತ್ತು ನಕ ಸಜಾತಿ, ಯಾಕೆಂದರೆ ಗುಣಾಕಾರದಲ್ಲಿ ಹಿಂದೆ ಮುಂದೆ ಆದರೂ ಬೆಲೆ ಅದೇ. ಆದರೆ ಕ ಮತ್ತು ಕ² ವಿಜಾತಿ.

ಆಮೇಲೆ ಕೈ ಹಿಡಿದದ್ದು ಬಣ್ಣದ ಪೆನ್ಸಿಲ್. ಇದೇನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳನ್ನು ಬಣ್ಣದ ಹೆಸರಲ್ಲೇ ಕರೆಯುತ್ತಿದ್ದರು. ಕಾಲಕ ಅಂದರೆ ಕಪ್ಪು, ನೀಲಕ ಅಂದರೆ ನೀಲಿ. ನನ್ನ ಕ, ನ ಬಂದದ್ದು ಅಲ್ಲಿಂದಲೇ.

7ಕ − 4ನ + ಕ² − 2ಕ + ನ − 5 ತಗೊಳ್ಳಿ. ಕ ಇರುವ ಪದಗಳಿಗೆ ಕಪ್ಪು ಗೆರೆ, ನ ಇರುವುದಕ್ಕೆ ನೀಲಿ, ಕ²ಗೆ ಕೆಂಪು, ಬರೀ ಸಂಖ್ಯೆಗೆ ಏನೂ ಇಲ್ಲ. ಗೆರೆ ಎಳೆಯುವಾಗ ಪದದ ಎಡಗಡೆ ಇರುವ ಚಿಹ್ನೆಯನ್ನೂ ಸೇರಿಸಿ ಎಳೆಯಬೇಕು. ನಾನು ಮೊದಲು ಅದನ್ನು ಬಿಟ್ಟು 7ಕ, 2ಕ ಸೇರಿಸಿ 9ಕ ಮಾಡಿಕೊಂಡಿದ್ದೆ. ಇನ್ನೊಂದು ಎಡವಟ್ಟು −4ನ + ನ. ನ ಹಿಂದೆ ಸಂಖ್ಯೆ ಕಾಣಲಿಲ್ಲ ಅಂತ ಸುಮ್ನೆ −4 ಬರೆದಿದ್ದೆ. ಅಲ್ಲಿ ಸಹಗುಣಕ (ಅಕ್ಷರವನ್ನು ಗುಣಿಸುವ ಸಂಖ್ಯೆ) 1 ಅಡಗಿದೆ, ಉತ್ತರ −3ನ. ಈಗಲೂ ಒಂಟಿ ಅಕ್ಷರ ಕಂಡರೆ ಪಕ್ಕದಲ್ಲಿ ಚಿಕ್ಕದಾಗಿ 1 ಬರೆದುಕೊಳ್ಳುತ್ತೇನೆ, ನಾಚಿಕೆ ಏನಿಲ್ಲ.

ಕೊನೆಗೆ ಉಳಿದದ್ದು ಕ² + 5ಕ − 3ನ − 5. ಕ = 3, ನ = 5 ಹಾಕಿದೆ. ಮೊದಲಿನ ಸಾಲಿಗೆ 4 ಬಂತು, ಕೊನೆಯದಕ್ಕೂ 4.