ಹಳೇ ಮ್ಯಾಕ್ರೋದಲ್ಲಿ ಇರುವೆಯೂ ಬಂತು, ಬೆಟ್ಟವೂ ಬಂತು

"ಮ್ಯಾಕ್ರೋ ಹುಳಹುಪ್ಪಟೆಗೆ ಸರಿ, ದೂರದ್ದು ಅದರಲ್ಲಿ ಬರಲ್ಲ." ತೀರಾ ಹತ್ತಿರದಿಂದ ಪುಟ್ಟದ್ದನ್ನು ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸಿನ ಬಗ್ಗೆ ನಮ್ಮ ಫೋಟೋ ಬಳಗದಲ್ಲಿ ಎಲ್ಲರದೂ ಇದೇ ಮಾತು. ಮೊದಲ ಎರಡು ತಿಂಗಳು ನನ್ನ ಫೋಟೋಗಳೂ ಹಾಗೇ ಇದ್ದವು. ಇರುವೆಯ ಕಾಲಿನ ರೋಮ ಎಣಿಸಬಹುದು, ಎದುರಿನ ಗುಡ್ಡದ ಮರಗಳು ಮಾತ್ರ ಹಿಟ್ಟು ಕಲಸಿದ ಹಾಗೆ.

ನನ್ನದು 70ರ ದಶಕದ ಮೈಕ್ರೋ ನಿಕ್ಕೋರ್ (ನಿಕಾನ್ ತನ್ನ ಮ್ಯಾಕ್ರೋಗೆ ಇಟ್ಟ ಹೆಸರು), 55 ಎಂಎಂ ಎಫ್3.5. ಸೆಕೆಂಡ್ ಹ್ಯಾಂಡ್, ಸುಮಾರು ಐದು ಸಾವಿರ. ಅದನ್ನು ಸೋನಿ ಕ್ಯಾಮೆರಾಕ್ಕೆ ಕೂರಿಸೋ ಅಡಾಪ್ಟರ್ ಉಂಗುರ ಒಂಬೈನೂರು. ಮಸುಕು ಕಂಡು ರಿಪೇರಿಗೆ ಕೊಟ್ಟೆ. ಲೆನ್ಸಿನ ಗಾಜಿನಲ್ಲಿ ಫಂಗಸ್ ಅಂದರು, ಒರೆಸಿ ಸಾವಿರದೈನೂರು ತಗೊಂಡರು. ಗುಡ್ಡ ಮತ್ತೆ ಹಾಗೇ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಪ್ಪು ಇದ್ದದ್ದು ಅಡಾಪ್ಟರಿನಲ್ಲಿ. ಲೆನ್ಸ್ ಕೂರುವ ಮೌಂಟಿನಿಂದ ಸೆನ್ಸರಿಗೆ ಇರುವ ದೂರ ನಿಕಾನ್ ಎಫ್‌ನಲ್ಲಿ 46.5 ಎಂಎಂ, ಸೋನಿ ಇ-ನಲ್ಲಿ 18. ಆ ಅಂತರ ತುಂಬುವ ಅಡಾಪ್ಟರ್ 28.5 ದಪ್ಪ ಇರಬೇಕು, ಅಲ್ವಾ? ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದರೆ 28.3ರ ಆಸುಪಾಸು. ಲೆನ್ಸಿನ ಫೋಕಸ್ ರಿಂಗನ್ನು ಕೊನೆವರೆಗೆ ತಿರುಗಿಸಿದರೆ ಫೋಕಸ್ ಅನಂತವನ್ನೂ, ಅಂದರೆ ಅತಿ ದೂರದ ಗುರುತನ್ನೂ, ದಾಟಿ ಹೋಗುತ್ತಿತ್ತು. ಗುಡ್ಡ ಮಸುಕಾದದ್ದು ಅದಕ್ಕೇ. ಹತ್ತಿರದ್ದನ್ನು ಸ್ಕ್ರೀನ್ ನೋಡಿಯೇ ಹಿಡಿಯುತ್ತೇವೆ, ಹಾಗಾಗಿ ಅಲ್ಲಿ ಗೊತ್ತೇ ಆಗಿರಲಿಲ್ಲ.

ಕೂಲ್‌ಡ್ರಿಂಕ್ಸ್ ಡಬ್ಬಿಯ ತಗಡು ಹೆಚ್ಚುಕಮ್ಮಿ 0.1 ಎಂಎಂ. ಅದರಿಂದ ಎರಡು ಬಳೆ ಕತ್ತರಿಸಿ, ಅಡಾಪ್ಟರಿನ ಸ್ಕ್ರೂ ಬಿಚ್ಚಿ ಮೌಂಟಿನ ಅಡಿಗೆ ಕೂರಿಸಿದೆ. ಮೊದಲನೇ ಜೊತೆಯ ಅಂಚು ಒಂದು ಕಡೆ ಎದ್ದಿತ್ತು. ಫ್ರೇಮಿನ ಎಡಗಡೆ ಚೂಪು, ಬಲಗಡೆ ಮಂಜು. ಎರಡನೆಯದು ಕತ್ತರಿಸುವಾಗಲೇ ಹರಿಯಿತು. ಮೂರನೇ ಜೊತೆ ಕೂತಿತು. ಅಂಚು ಸಮ ಮಾಡಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಇನ್ನೂ ಹತ್ತಿರದಿಂದ ತೆಗೆಯಲು ಹಾಕುವ ನಿಕಾನ್ ಪಿಕೆ-13 ರಿಂಗನ್ನೂ ಹಾಕಿ ನೋಡಿದೆ. 1:1, ಅಂದರೆ ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡ ಚಿತ್ರ ಸಿಕ್ಕಿತು, ದೂರದ್ದು ಪೂರ್ತಿ ಕೈಬಿಟ್ಟಿತು. ನನಗೆ 1:2, ಅದರರ್ಧ, ಸಾಕು.

ನವೆಂಬರಿನಲ್ಲಿ ಕುಂದಾದ್ರಿ ಹತ್ತಿದೆ. ಬಂಡೆ ಮೇಲೆ ಬೋರಲು ಮಲಗಿ ಕಲ್ಲುಹೂವಿನ ಮೇಲಿದ್ದ ಇರುವೆ ತೆಗೆದೆ. ಎದ್ದು ನಿಂತು ಅದೇ ಲೆನ್ಸಿನಲ್ಲಿ ಆಚೆಯ ಬೆಟ್ಟಸಾಲು. ಎರಡೂ ಎಫ್8 ಅಪರ್ಚರಿನಲ್ಲಿ. ದೂರಕ್ಕೆ ಒಂದು ಎಚ್ಚರ ಬೇಕು. ಮೂರು ಮೀಟರಿನಿಂದ ಅನಂತಕ್ಕೆ ರಿಂಗ್ ತಿರುಗುವುದು ಒಂದು ಚೂರು ಅಷ್ಟೇ, ಸ್ಕ್ರೀನ್ ದೊಡ್ಡದು ಮಾಡಿಯೇ ಹಿಡಿಯಬೇಕು. ಬಿಸಿಲು ಏರಿದ ಮೇಲೆ ಗಾಳಿ ಕುಣಿಯುತ್ತದೆ, ಆಗ ಯಾವ ಲೆನ್ಸೂ ಸಾಲದು.

ದಂಡ ಕೊಟ್ಟದ್ದೂ ಸೇರಿ ಏಳೂವರೆ ಸಾವಿರದ ಒಳಗೆ ಮುಗಿಯಿತು. ಬಳಗದ ಹಿರಿಯರೊಬ್ಬರು ಬೆಟ್ಟಸಾಲಿನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದರು, ಒಂದೊಂದೇ ಮರ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅದೇ ವಾರ ತಮ್ಮ ಅಡಾಪ್ಟರನ್ನೂ ತಂದುಕೊಟ್ಟರು. ಅಳೆದೆ. 28.35.